ಥರ್ಡ್ ನಾರ್ಮಲ್ ಫಾರ್ಮು, ಮೂರು ಸೆಟ್ ಜೆರಾಕ್ಸು

ಬದನೆಕಾಯಿ ತಿನ್ನಬಾರದು ಎಂದು ಪುರಾಣ ಹೇಳಿ, ಮನೆಗೆ ಬಂದು ಎಣ್ಣೆಗಾಯಿಗೆ ಕೈಹಾಕುವ ಪುರಾಣಿಕರ ಕಥೆ ಗೊತ್ತಲ್ಲ? ಇಂಜಿನಿಯರಿಂಗ್ ಕಾಲೇಜಿನಲ್ಲಿ ಡಿಬಿಎಂಎಸ್, ಅಂದರೆ ಡೇಟಾವನ್ನು ಅಚ್ಚುಕಟ್ಟಾಗಿ ಇಡುವ ಡೇಟಾಬೇಸಿನ ಪಾಠ ಮಾಡುವ ನನ್ನ ಕಥೆಯೂ ಅದೇ. ಬೆಳಗ್ಗೆ ಒಂಬತ್ತಕ್ಕೆ ಬೋರ್ಡಿನ ಮುಂದೆ ನಿಂತು, ‘ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಬೇಕು, ಎರಡು ಕಡೆ ಬರೆದರೆ ಇವತ್ತಲ್ಲ ನಾಳೆ ಅವೆರಡೂ ಕಿತ್ತಾಡುತ್ತವೆ, ಅದಕ್ಕೇ ನಾರ್ಮಲೈಸೇಷನ್ ಬೇಕು’ ಎಂದು ಉಪದೇಶ ಮಾಡುತ್ತೇನೆ. ಹತ್ತು ಗಂಟೆಗೆ ಲ್ಯಾಬಿಗೆ ಬಂದು ಅದೇ ಹುಡುಗರನ್ನು, ‘ಅಬ್ಸರ್ವೇಷನ್ ಬುಕ್ಕಿನಲ್ಲಿ ಬರೆದಿದ್ದನ್ನು ರೆಕಾರ್ಡಿಗೆ ಇಳಿಸಿಲ್ವೇನ್ರೋ?’ ಎಂದು ಗದರುತ್ತೇನೆ. ಅಬ್ಸರ್ವೇಷನ್ನಿಗೆ ಒಂದು ಸಲ, ರೆಕಾರ್ಡಿಗೆ ಒಂದು ಸಲ, ಪರೀಕ್ಷೆಯ ದಿನ ಬಿಳಿ ಹಾಳೆಯ ಮೇಲೆ ಮತ್ತೊಂದು ಸಲ. ಬಲಗಡೆಯ ಗೆರೆ ಪುಟದಲ್ಲಿ ನೀಲಿ ಇಂಕಿನಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ), ಎಡಗಡೆಯ ಖಾಲಿ ಪುಟದಲ್ಲಿ ಪೆನ್ಸಿಲ್ಲು ಸ್ಕೇಲು ಹಿಡಿದು ಗೆರೆ ಎಳೆದ ಟೇಬಲ್ಲು, ಅದರೊಳಗೆ ಔಟ್‌ಪುಟ್ಟು. ಕಂಪ್ಯೂಟರ್ ಎಂಬುದೊಂದು ಪಕ್ಕದಲ್ಲಿ ಇರುತ್ತದೆ, ಸಾಕ್ಷಿಗೆ.

ಔಟ್‌ಪುಟ್ಟಿನ ವಿಷಯಕ್ಕೆ ಬಂದರೆ, ಪ್ರೋಗ್ರಾಂ ರನ್ ಮಾಡುವ ಮೊದಲೇ ಅದು ರೆಕಾರ್ಡಿನಲ್ಲಿ ಬಂದು ಕೂತಿರುತ್ತದೆ. ಸೀನಿಯರುಗಳ ಆಸ್ತಿ ಅದು, ಪಿತ್ರಾರ್ಜಿತ. ನಮ್ಮ ವಿಶ್ವವಿದ್ಯಾಲಯ ವಿಟಿಯುನ 2018ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಲ್ಯಾಬಿಗೆ ಇದ್ದದ್ದು ಐದೇ ಡೇಟಾಬೇಸು: ಲೈಬ್ರರಿ, ಆರ್ಡರ್, ಮೂವಿ, ಕಾಲೇಜು, ಕಂಪನಿ. ಮೂವಿ ಡೇಟಾಬೇಸಿನ ಮೊದಲ ಪ್ರಶ್ನೆ, ಹಿಚ್‌ಕಾಕ್ ನಿರ್ದೇಶಿಸಿದ ಸಿನಿಮಾಗಳ ಪಟ್ಟಿ ಕೊಡಿ. ಬೀದರಿನಿಂದ ಚಾಮರಾಜನಗರದವರೆಗೆ ಸಾವಿರಾರು ಮಕ್ಕಳು ಆ ಪುಣ್ಯಾತ್ಮನ ಪಟ್ಟಿ ತೆಗೆದಿದ್ದಾರೆ. ಒಮ್ಮೆ ವೈವಾದಲ್ಲಿ ಕುತೂಹಲಕ್ಕೆಂದು ಕೇಳಿದೆ.

‘ಹಿಚ್‌ಕಾಕ್ ಅಂದ್ರೆ ಯಾರಪ್ಪ?’

‘ಥರ್ಡ್ ಪ್ರೋಗ್ರಾಂ ಸಾರ್.’

ತಪ್ಪೆನ್ನಲು ಮನಸ್ಸು ಬರಲಿಲ್ಲ. ಪೂರ್ತಿ ಮಾರ್ಕ್ಸ್ ಕೊಟ್ಟೆ.

ಈ ಎಲ್ಲ ಗೋಳಿಗೂ ಮೂಲಪುರುಷ ಎಡ್ಗರ್ ಕಾಡ್. 1970ರಲ್ಲಿ, ಐಬಿಎಂನ ಸ್ಯಾನ್ ಹೋಸೆ ಲ್ಯಾಬಿನಲ್ಲಿ ಇದ್ದುಕೊಂಡು, ಡೇಟಾವನ್ನು ಸಾದಾ ಟೇಬಲ್ಲುಗಳಲ್ಲಿ ಇಟ್ಟರೆ ಸಾಕು (ಇದೇ ‘ರಿಲೇಷನಲ್’ ಪದ್ಧತಿ) ಎಂದು ಒಂದು ಪ್ರಬಂಧ ಬರೆದ. ಹೆಸರಿಗೆ ತಕ್ಕಂತೆ ಅಂದಿನಿಂದ ನಮ್ಮನ್ನು ಕಾಡುತ್ತಿದ್ದಾನೆ. 1981ರಲ್ಲಿ ಕಂಪ್ಯೂಟರಿನವರ ನೊಬೆಲ್ ಎನ್ನುವ ಟ್ಯೂರಿಂಗ್ ಪ್ರಶಸ್ತಿಯೂ ಬಂತು. 1985ರಲ್ಲಿ, ಕಂಪನಿಗಳು ಕಂಡಕಂಡದ್ದಕ್ಕೆಲ್ಲ ‘ರಿಲೇಷನಲ್’ ಅಂತ ಬೋರ್ಡು ಹಾಕಿಕೊಳ್ಳುತ್ತಿವೆ ಎಂದು ರೇಗಿ ಹನ್ನೆರಡು ನಿಯಮ ಹೊರಡಿಸಿದ. ಅವಕ್ಕೆ ಸೊನ್ನೆಯಿಂದ ಹನ್ನೆರಡರವರೆಗೆ ನಂಬರು ಇರುವುದರಿಂದ ಒಟ್ಟು ಹದಿಮೂರಾಗುತ್ತವೆ. ಹಾಗಂತ ಪರೀಕ್ಷೆಯಲ್ಲಿ ಹದಿಮೂರು ಬರೆದುಬಿಟ್ಟೀರಿ ಜೋಕೆ. ಮಾರ್ಕ್ಸ್ ಹಾಕುವವರ ಕೈಯಲ್ಲಿರುವ ಸ್ಕೀಮ್ ಆಫ್ ವ್ಯಾಲ್ಯುಯೇಷನ್‌ನಲ್ಲಿ ಹನ್ನೆರಡೇ ಇರುವುದು.

ಕಾಡ್ ಮಹಾಶಯನ ಪಾಠದ ಮೊದಲ ಮೆಟ್ಟಿಲು ಫಸ್ಟ್ ನಾರ್ಮಲ್ ಫಾರ್ಮು. ಒಂದು ಚೌಕದಲ್ಲಿ ಒಂದೇ ಸಂಗತಿ ಇರಬೇಕು, ಅದನ್ನು ಮತ್ತೆ ಒಡೆಯುವಂತಿರಬಾರದು, ಅಂದರೆ ಅಟಾಮಿಕ್ ಆಗಿರಬೇಕು. ಇದನ್ನು ಬೋರ್ಡಿನ ಮೇಲೆ ಬರೆದು ಹಿಂದಿರುಗಿ ನೋಡಿದರೆ, ಎದುರಿಗೆ ಕೂತವರ ಕೊರಳಲ್ಲೆಲ್ಲ ಐಡಿ ಕಾರ್ಡಿನ ಯುಎಸ್‌ಎನ್, ಅಂದರೆ ವಿಶ್ವವಿದ್ಯಾಲಯ ಕೊಟ್ಟ ವಿದ್ಯಾರ್ಥಿ ನಂಬರು, ತೂಗುತ್ತಿರುತ್ತದೆ. ಒಟ್ಟು ಹತ್ತು ಅಕ್ಷರ. ಮೊದಲ ಅಂಕಿ ಪ್ರಾಂತ್ಯ, ಆಮೇಲೆರಡು ಕಾಲೇಜು, ಇನ್ನೆರಡು ಸೇರಿದ ವರ್ಷ, ಮತ್ತೆರಡು ಬ್ರ್ಯಾಂಚು, ಕೊನೆಯ ಮೂರಂಕಿ ಮಾತ್ರ ಪಾಪದ ಹುಡುಗ. ಮೂರು ದಿನದ ಟ್ರಿಪ್ಪಿಗೆ ಒಂದೇ ಬ್ಯಾಗಿನಲ್ಲಿ ಇಡೀ ಸಂಸಾರದ ಬಟ್ಟೆ ತುರುಕಿದ ಹಾಗೆ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವನ ನಂಬರು ನಾನೂರರಿಂದ ಶುರು. ಅಂದರೆ ಅವನ ಪೂರ್ವಾಶ್ರಮವೂ ಅದರೊಳಗೇ ಇದೆ. ‘ಸಾರ್, ಇದು ಅಟಾಮಿಕ್ಕಾ?’ ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದ. ಸಿಲಬಸ್ಸಿನಲ್ಲಿ ಇಲ್ಲದ್ದನ್ನು ಕೇಳಬೇಡ ಅಂದೆ.

ಇನ್ನು ನಮ್ಮ ಲಕ್ಷ್ಮಿ. ಅಪ್‌ಡೇಟ್ ಅನಾಮಲಿ ಬಗ್ಗೆ ಕ್ಲಾಸಿನಲ್ಲಿ ಚೆಂದದ ಸೆಮಿನಾರ್ ಕೊಟ್ಟ ಹುಡುಗಿ. ಒಂದೇ ವಿಷಯ ನಾಲ್ಕು ಕಡೆ ಇದ್ದು, ಮೂರು ಕಡೆ ತಿದ್ದಿ ಒಂದು ಕಡೆ ಮರೆತರೆ ಏನಾಗುತ್ತದೆ ಎಂದು ಬಣ್ಣಬಣ್ಣದ ಸ್ಲೈಡ್ ಹಾಕಿ ತೋರಿಸಿದ್ದಳು. ಏನಾಗುತ್ತದೆ ಎಂಬುದು ಅವಳಿಗೆ ನಿಜಕ್ಕೂ ತಿಳಿದದ್ದು ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಕೆ-ಎಸ್-ಎಚ್ ಇರುವ ಲಕ್ಷ್ಮಿ. ಆಧಾರಿನಲ್ಲಿ ಎಕ್ಸ್ ಇರುವ ಲಕ್ಷ್ಮಿ. ಅಡ್ಮಿಷನ್ ರಿಜಿಸ್ಟರಿನಲ್ಲಿ ಯಾರೋ ಉದಾರಿಗಳು ಕೊನೆಗೆ ಎರಡು ‘ಇ’ ಸೇರಿಸಿದ್ದರು.

‘ಏನಮ್ಮಾ, ಇವರಲ್ಲಿ ನೀನ್ಯಾರು?’

‘ಮೂರೂ ನಾನೇ ಸಾರ್.’

‘ಮೂರೂ ನೀನೇ ಅಂತ ಬರೆಸ್ಕೊಂಡು ಬಾ. ನೋಟರಿ ಹತ್ರ.’

ಎರಡು ಟೇಬಲ್ಲುಗಳನ್ನು ಸೇರಿಸಲು ಇನ್ನರ್ ಜಾಯಿನ್, ಲೆಫ್ಟ್ ಔಟರ್ ಜಾಯಿನ್, ರೈಟ್ ಔಟರ್ ಜಾಯಿನ್ ಅಂತ ನಾನು ಎರಡು ವಾರ ಪಾಠ ಮಾಡಿದ್ದೆ. ನೋಟರಿ ಜಾಯಿನ್ ಬಿಟ್ಟುಹೋಗಿತ್ತು. ಕೋರ್ಟಿನ ಎದುರಿನ ಮರದ ಕೆಳಗೆ, ಟೈಪ್‌ರೈಟರಿನ ಮುಂದೆ ಕೂತ ಹಿರಿಯರೊಬ್ಬರು ಛಾಪಾ ಕಾಗದದ ಮೇಲೆ ಹತ್ತು ನಿಮಿಷದಲ್ಲಿ ಅದನ್ನು ಮಾಡಿಕೊಟ್ಟರು. ಅದರ ಮೂರು ಸೆಟ್ ಜೆರಾಕ್ಸ್. ಅದಕ್ಕೆ ಗೆಜೆಟೆಡ್ ಅಧಿಕಾರಿಯ ಹಸಿರು ಸಹಿ.

ಹಿಡಿದುಕೊಂಡು ಬಂದರೆ, ಹಳೆಯ ರಿಜಿಸ್ಟರ್ ನೋಡಬೇಕು ಅಂದರು. ಕಾಡ್ ತನ್ನ 1970ರ ಪ್ರಬಂಧದ ಮೊದಲ ಸಾಲಿನಲ್ಲೇ ಹೇಳಿದ್ದು ಇಷ್ಟು: ಡೇಟಾ ಯಂತ್ರದೊಳಗೆ ಎಲ್ಲಿದೆ, ಹೇಗಿದೆ ಎಂದು ತಿಳಿದುಕೊಳ್ಳುವ ಕರ್ಮದಿಂದ ಬಳಸುವವನನ್ನು ಕಾಪಾಡಬೇಕು. ಲಕ್ಷ್ಮಿಗೆ ಅಷ್ಟರಲ್ಲಿ ಎಲ್ಲವೂ ತಿಳಿದಿತ್ತು. ರಿಜಿಸ್ಟರ್ ಇರುವುದು ಎಡಗಡೆಯಿಂದ ಎರಡನೇ ಬೀರುವಿನಲ್ಲಿ, ಕೆಳಗಿನ ಅರೆಯಲ್ಲಿ, ಹಳೇ ಬ್ಯಾನರಿನ ಹಿಂದೆ. ಬೀರುವಿನ ಕೀ ಇರುವುದು ಅಟೆಂಡರ್ ಬಳಿ. ಅಟೆಂಡರ್ ಇರುವುದು ತಂಗಿಯ ಮದುವೆಯಲ್ಲಿ, ಸೋಮವಾರದವರೆಗೆ. ಟೇಬಲ್ಲಿನ ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀ ಇಲ್ಲದೆ ಯಾವ ರೋ ಕೂಡ ಸಿಗುವುದಿಲ್ಲ ಎಂದು ನಾನು ಎಷ್ಟು ಸಲ ಬಡಕೊಂಡಿದ್ದೇನೆ!

ಕೊನೆಗೂ ಇಂಜಿನಿಯರಿಂಗಿನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಸರಿಯಾಯಿತು. ರಿಜಿಸ್ಟರಿನ ಎರಡು ‘ಇ’ ಹಾಗೇ ಇವೆ. ‘ಅದು ನಮ್ ಸೆಕ್ಷನ್ ಅಲ್ಲಮ್ಮ’ ಅಂದರಂತೆ. ಫೀಸಿನ ವಿಚಾರ ಎತ್ತುವುದೇ ಬೇಡ. ಟ್ರಾನ್ಸಾಕ್ಷನ್ ಅಂದಮೇಲೆ ಪೂರ್ತಿ ಆಗಬೇಕು, ಇಲ್ಲ ಏನೂ ಆಗಬಾರದು ಎನ್ನುವುದು ಶಾಸ್ತ್ರ. ಖಾತೆಯಿಂದ ದುಡ್ಡು ಹೋಗಿ ರಸೀದಿ ಬಾರದೆ ಇರುವುದು ಸಂಪ್ರದಾಯ.

ಈ ವಾರ ನನ್ನ ಸರದಿ. ಯಾವುದೋ ತಪಾಸಣೆಯ ತಂಡ ಬರುತ್ತದಂತೆ. ನಾರ್ಮಲೈಸೇಷನ್ ಯುನಿಟ್ ಮುಗಿದದ್ದಕ್ಕೆ ಪುರಾವೆ ಬೇಕೆಂದು ಡಿಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶ ಬಂತು: ಹಾರ್ಡ್ ಕಾಪಿ ಮೂರು ಸೆಟ್, ಎಕ್ಸೆಲ್‌ನಲ್ಲಿ ಒಂದು, ಅದನ್ನೇ ಗೂಗಲ್ ಫಾರ್ಮಿನಲ್ಲೂ ತುಂಬಿಸಿ. ಅರವತ್ತು ಮಕ್ಕಳ ಹೆಸರನ್ನು ಐದನೇ ಸಲ ಟೈಪ್ ಮಾಡಿಕೊಂಡು ಕಾಲೇಜು ಗೇಟಿನೆದುರಿನ ಜೆರಾಕ್ಸ್ ಅಂಗಡಿಗೆ ಹೋದೆ.

ಅಲ್ಲಿ ಮಿನಿ ಪ್ರಾಜೆಕ್ಟ್ ರಿಪೋರ್ಟುಗಳಿಗೆ ಸ್ಪೈರಲ್ ಬೈಂಡಿಂಗ್ ನಡೆಯುತ್ತಿತ್ತು. ಅಂಗಡಿಯವನ ಕಂಪ್ಯೂಟರಿನಲ್ಲಿ ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎನ್ನುವ ನಲವತ್ತು ಪುಟದ ಫೈಲು ಇರುವುದು ಒಂದೇ. ಬ್ಲಡ್ ಬ್ಯಾಂಕ್ ಒಂದೇ, ಲೈಬ್ರರಿ ಒಂದೇ. ಹುಡುಗರ ಹೆಸರು, ಯುಎಸ್‌ಎನ್ ಬೇರೊಂದು ಪಟ್ಟಿಯಲ್ಲಿ. ಗೈಡುಗಳ ಹೆಸರು ಮತ್ತೊಂದರಲ್ಲಿ. ಯಾರು ಯಾವ ಪ್ರಾಜೆಕ್ಟು ಎಂಬುದಕ್ಕೆ ನಂಬರು ಹಾಕಿದ ಪುಟ್ಟ ಚೀಟಿ. ಒಬ್ಬ ಹುಡುಗ ಬಂದ, ಅಂಗಡಿಯವನು ಮೂರೂ ಕಡೆಯಿಂದ ಎತ್ತಿ ಜೋಡಿಸಿ ಪ್ರಿಂಟ್ ಒತ್ತಿದ, ಹುಡುಗ ಹೋದ. ಒಂದಕ್ಷರ ಎರಡು ಕಡೆ ಇಲ್ಲ. ಹದಿನೈದು ವರ್ಷದ ಸರ್ವಿಸಿನಲ್ಲಿ ನಾನು ಕಣ್ಣಾರೆ ಕಂಡ ಮೊದಲ ಥರ್ಡ್ ನಾರ್ಮಲ್ ಫಾರ್ಮು ಇದು, ಕಾಡ್ ಪಾಠದ ಮೂರನೇ ಮೆಟ್ಟಿಲು. ಅಂಗಡಿಯವನು ಪಿಯುಸಿ ಫೇಲು.

‘ಮೂರು ಸೆಟ್ಟೇ ಅಲ್ವಾ ಸಾರ್?’ ಎನ್ನುತ್ತ ನನ್ನ ಹಾಳೆಗಳನ್ನು ತೆಗೆದುಕೊಂಡ. ಆಮೇಲೆ ಮಾನಿಟರನ್ನು ನನ್ನ ಕಡೆ ತಿರುಗಿಸಿದ. ‘ಹಾಗೇ ಇದೊಂದು ನೋಡ್ಬಿಡಿ ಸಾರ್, ಗೈಡ್ ಲಿಸ್ಟಲ್ಲಿ ನಿಮ್ಮ ಹೆಸರು. ಸ್ಪೆಲ್ಲಿಂಗ್ ಸರಿ ಇದೆಯಾ? ಇಲ್ಲಿ ತಿದ್ದಿದ್ರೆ ಎಲ್ಲಾ ರಿಪೋರ್ಟಲ್ಲೂ ಸರಿ ಹೋಗುತ್ತೆ.’