ಉದಯ್ ಶಂಕರ್ 1923ರಲ್ಲಿ ಕುಣಿದದ್ದು ಕಥಕ್ ಅಲ್ಲ

‘1923ರಲ್ಲಿ ಉದಯ್ ಶಂಕರ್ ಲಂಡನ್ನಿನಲ್ಲಿ ಕಥಕ್ ಕುಣಿದರು, ಹೊರದೇಶ ಕಂಡ ಮೊದಲ ಕಥಕ್ ಅದೇ’ ಎಂಬ ಮಾತು ಹಳೇ ಫೋಟೋ ಒಂದರ ಜೊತೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಮುಂದೆ ನೃತ್ಯಗಾರರಾಗಿ ಹೆಸರಾದ ಉದಯ್ ಶಂಕರ್ ಆಗ ಲಂಡನ್ನಿಗೆ ಚಿತ್ರಕಲೆ ಕಲಿಯಲು ಹೋಗಿದ್ದ 22ರ ಯುವಕ. ಯಾವ ಶಾಸ್ತ್ರೀಯ ನೃತ್ಯವನ್ನೂ ಗುರುಗಳ ಹತ್ತಿರ ಕಲಿತಿರಲಿಲ್ಲ. ಆ ವರ್ಷ ರಷ್ಯಾದ ಬ್ಯಾಲೆ ಕಲಾವಿದೆ ಆನಾ ಪಾವ್ಲೋವಾ ಜೊತೆ ಕುಣಿದ ರಾಧಾ-ಕೃಷ್ಣ ನೃತ್ಯ ಅವರದೇ ಕಲ್ಪನೆ. ಅದೇನು ಸಣ್ಣ ಸಾಧನೆಯಲ್ಲ. ಆದರೆ ಉತ್ತರ ಭಾರತದ ಶಾಸ್ತ್ರೀಯ ನೃತ್ಯವಾದ ಕಥಕ್ ಬೇರೆ. ಅಲ್ಲಿ ಪಾದ ಪೂರ್ತಿ ನೆಲಕ್ಕೆ ಬಡಿಯಬೇಕು. ತೀನ್‌ತಾಲ್ ಎಂಬ ತಾಳದ 16 ಮಾತ್ರೆ, ಅಂದರೆ 16 ಎಣಿಕೆಯೊಳಗೆ ಹಿಮ್ಮಡಿಯ ಮೇಲೆ ಗಿರಗಿರ ಸುತ್ತಿ, ಸರಿಯಾಗಿ ‘ಸಮ್’ (ತಾಳದ ಮೊದಲ ಮಾತ್ರೆ) ಬಿದ್ದ ಗಳಿಗೆಗೆ ನಿಲ್ಲಬೇಕು. ಅರ್ಧ ಮಾತ್ರೆ ತಪ್ಪಿದರೂ ಗೆಜ್ಜೆಯೇ ಹೇಳಿಬಿಡುತ್ತದೆ. ವರ್ಷಗಟ್ಟಲೆ ಅಭ್ಯಾಸ ಬೇಕು, ಸುಮ್ನೆ ಬರುವಂಥದ್ದಲ್ಲ.

ಕಥಕ್ ಕಲಿತು, ತಂಡ ಕಟ್ಟಿ ಯುರೋಪ್ ಸುತ್ತಿದವರಲ್ಲಿ ನಾವು ಮರೆತಿರುವ ದೊಡ್ಡ ಹೆಸರು ಮೇನಕಾ, ಅಂದರೆ ಲೀಲಾ ಸೋಖಿ. ಲಖನೌದ ಅಚ್ಛನ್ ಮಹಾರಾಜರಲ್ಲಿ ಕಲಿತವರು. 1936ರಲ್ಲಿ, ಒಲಿಂಪಿಕ್ಸ್ ನಡೆದ ವರ್ಷವೇ, ಬರ್ಲಿನ್ನಿನ ಅಂತರರಾಷ್ಟ್ರೀಯ ನೃತ್ಯ ಸ್ಪರ್ಧೆಯಲ್ಲಿ ಅವರ ತಂಡ ಕುಣಿಯಿತು. 1939ರಲ್ಲಿ ಲಂಡನ್ನಿನ ರಂಗ ಹತ್ತಿದ ರಾಮ್ ಗೋಪಾಲ್ ನಮ್ಮ ಬೆಂಗಳೂರಿನವರೇ. ಭರತನಾಟ್ಯ, ಕಥಕಳಿ ಜೊತೆ ಕಥಕ್ಕನ್ನೂ ಗುರುಗಳಿಂದಲೇ ಕಲಿತಿದ್ದರು.

ಆ ಸಂದೇಶ ನಿಮಗೂ ಬಂದರೆ, ದಯವಿಟ್ಟು ಈ ಎರಡು ಹೆಸರು ಸೇರಿಸಿ ತಿದ್ದಿ ಕಳಿಸಿ.