ಬೆಂಚು ಹಾಕೀರಿ, ನೆರಳೆಲ್ಲೈತ್ರಿ?

ಈ ಮಾತು ಕೇಳಿದ್ದು ನಮ್ಮ ಕಾಲೋನಿ ಆಯಿ ಒಬ್ರು. ಹೋದ ಬ್ಯಾಸಗ್ಯಾಗ ನಮ್ಮ ಗಾರ್ಡನ್ ಜಾಗಾದಾಗ ಒಂದು ಸಣ್ಣ ಸಭೆ ಇತ್ತು, ಶಾಮಿಯಾನ ಹಾಕಿದ್ರು, ಇಪ್ಪತ್ತು ಇಪ್ಪತ್ತೈದು ಮಂದಿ ಸೇರಿದ್ವಿ, ಸರ್ಕಾರಿ ಕಚೇರಿಯಿಂದ ಬಂದವರು ಗಾರ್ಡನ್ ಹ್ಯಾಂಗ ಕಟ್ಟತಾರ ಅನ್ನೋ ನಕ್ಷೆ ಇದ್ದ ಒಂದು ಫ್ಲೆಕ್ಸ್ ಬಿಚ್ಚಿ ಗ್ವಾಡಿಗೆ ಆನಿಸಿ ಇಟ್ರು. ಅದರಾಗ ಎಲ್ಲಾ ಇತ್ತು. ಸುತ್ತ ವಾಕಿಂಗ್ ಟ್ರ್ಯಾಕ್, ನಟ್ಟನಡುವ ಕಾರಂಜಿ, ಉಳಿದಲ್ಲೆಲ್ಲಾ ಪೇವರ್ಸ್, ಆರು ಬೆಂಚು, ಕಬ್ಬಿಣದ ಗೇಟು. "ನಿಮ್ಮ ಸಲಹೆ ಇದ್ರ ಹೇಳ್ರಿ" ಅಂದ್ರು. ಆಯಿ ಕೋಲು ಊರಿಕೊಂಡು ಮುಂದ ಹೋದ್ರು, ಕಣ್ಣು ಕಿರಿದು ಮಾಡಿ ನಕ್ಷೆ ನೋಡಿದ್ರು, ಬೆಂಚಿನ ಚಿತ್ರದ ಮ್ಯಾಲೆ ಬೆರಳಿಟ್ಟು ಕೇಳಿದ್ರು, "ಬೆಂಚು ಹಾಕೀರಿ, ನೆರಳೆಲ್ಲೈತ್ರಿ?"

ಆರೂ ಬೆಂಚು ಮೂಡಣ ಗ್ವಾಡಿಗೆ ಹತ್ತಿ ಇದ್ವು, ಅಂದ್ರ ಸಂಜೀಮುಂದ ಕುಂತವರ ಮಾರಿಗೆ ನೇರ ಬಿಸಲು. ವಿಜಯಪುರದ ಮೇ ತಿಂಗಳ ಬಿಸಲು ಅಂದ್ರ ಏನಂತ ಇಲ್ಲಿ ಇದ್ದವರಿಗೆ ಹೇಳೋದು ಬ್ಯಾಡ. ಇದ್ದ ಒಂದ ದೊಡ್ಡ ಬೇವಿನ ಗಿಡ ಟ್ರ್ಯಾಕಿನ ದಾರ್ಯಾಗ ಬರ್ತಿತ್ತು, ನಕ್ಷೆದಾಗ ಆ ಗಿಡ ಇರಲೇ ಇಲ್ಲ. ಬಂದವರು ಕೊಟ್ಟ ಉತ್ತರ ನನಗ ಇವತ್ತಿಗೂ ನೆನಪೈತಿ, "ಆಯಿ, ಇದು ಅಪ್ರೂವ್ ಆಗೇತ್ರಿ, ಟೆಂಡರೂ ಆಗೇತಿ, ಈಗ ಬದಲ ಮಾಡಾಕ ಬರಂಗಿಲ್ಲ." ಆಮ್ಯಾಲೆ ಒಂದು ರಜಿಸ್ಟರ್ ಬಂತು, ಎಲ್ಲಾರೂ ಸಹಿ ಮಾಡಿದ್ವಿ, ಫೋಟೋ ಆತು, ಚಾ ಆತು. ಕಾಗದದ ಮ್ಯಾಲೆ ಈಗ ನಾವೆಲ್ಲಾ ಸಲಹೆ ಕೊಟ್ಟವರು.

ಗಿಡ ಏನೋ ಉಳೀತು. ಕೆಲಸ ಶುರು ಆದ ದಿನ ಓಣಿ ಹೆಣ್ಣಮಕ್ಕಳು ಹೋಗಿ ಮೇಸ್ತ್ರಿ ಕೂಡ ಮಾತಾಡಿದ್ರು, ಅಂವಾ ದಾರ ಹಿಡದು ಟ್ರ್ಯಾಕ್‌ನ ಎರಡು ಮಾರು ಬಗ್ಗಿಸಿದ. ಅರ್ಧಾ ತಾಸಿನ ಕೆಲಸ! ನನಗ ಸಿಟ್ಟು ಬಂದಿದ್ದ ಅಲ್ಲಿ. ಇಷ್ಟು ಸಲೀಸಾಗಿ ಆಗೋದಿತ್ತಂದ್ರ ಫ್ಲೆಕ್ಸ್ ಪ್ರಿಂಟ್ ಮಾಡೋಕಿಂತ ಮೊದಲ ಯಾಕ ಕೇಳಲಿಲ್ಲ? ಬೆಂಚು ಮಾತ್ರ ಅಲ್ಲೇ ಬಿಸಲಾಗ ಅದಾವು, ಕಡಪಾ ಕಲ್ಲಿನವು, ಸಂಜೀ ಆರಕ್ಕೂ ಕೈ ಇಟ್ರ ಚುರ್ ಅಂತಾವು.

ಅಂದಿನಿಂದ ನನ್ನ ತಲ್ಯಾಗ ಒಂದ ಮಾತು ಹೊಕ್ಕೇತಿ. ಊರಿನ ಬಯಲು ಜಾಗಾ, ಪಾರ್ಕು, ಮೈದಾನ ಇವುಗಳ ಬಗ್ಗೆ ಪ್ಲಾನ್ ಮಾಡೋದಿತ್ತಂದ್ರ ಅಲ್ಲಿನ ಮಂದಿದೊಂದು ಸಲಹಾ ಸಮಿತಿ ಇರಬೇಕು, ಮತ್ತ ಅದು ಪೆನ್ಸಿಲ್ ಹಿಡಿಯೋಕಿಂತ ಮುಂಚೆ ಕೂಡಬೇಕು. ಟೆಂಡರ್ ಆದಮ್ಯಾಲೆ ಕೇಳೋದು ಸಲಹೆ ಅಲ್ಲ, ಅದು ತಿಳಿವಳಿಕೆ ಪತ್ರ.

ಇದೇನು ಹೊಸ ಬೇಡಿಕೆ ಅಲ್ರಿ. ಸಂವಿಧಾನದ 74ನೇ ತಿದ್ದುಪಡಿ 1992ರಾಗ ಆತು, 1993ರ ಜೂನ್ 1ರಿಂದ ಜಾರಿಗೆ ಬಂತು. 3 ಲಕ್ಷ ಇಲ್ಲಾ ಅದಕ್ಕಿಂತ ಹೆಚ್ಚು ಮಂದಿ ಇರೋ ಊರಿಗೆ ವಾರ್ಡ್ ಸಮಿತಿ ಇರಬೇಕಂತ ಅದರಾಗ ಬರದಾರ, ಅದ ತಿದ್ದುಪಡಿಯಿಂದ ಬಂದ 12ನೇ ಅನುಸೂಚಿದಾಗ ಪಾರ್ಕು, ಉದ್ಯಾನ, ಆಟದ ಮೈದಾನ ಊರಿನ ಸಂಸ್ಥೆ ನೋಡಿಕೊಳ್ಳಬೇಕಾದ ವಿಷಯ ಅಂತ ಸೇರಿಸ್ಯಾರ. ನಮ್ಮ ವಿಜಯಪುರ 2011ರ ಜನಗಣತ್ಯಾಗ 3 ಲಕ್ಷ ದಾಟೇತಿ, ಮಹಾನಗರ ಪಾಲಿಕೆನೂ ಆಗೇತಿ, 2022ರ ಅಕ್ಟೋಬರ್‌ದಾಗ 35 ವಾರ್ಡಿಗೆ ಚುನಾವಣೆನೂ ಆತು. ರಾಜ್ಯದ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆ ಪ್ರಕಾರ ವಾರ್ಡ್ ಸಮಿತ್ಯಾಗ ಕಾರ್ಪೊರೇಟರ್ ಜೋಡಿ ಇನ್ನೂ 10 ಮಂದಿ ಇರ್ತಾರ, ಅದರಾಗ ಹೆಣ್ಣಮಕ್ಕಳಿಗೆ, ಎಸ್‌ಸಿ ಎಸ್‌ಟಿ ಮಂದಿಗೆ, ನಿವಾಸಿಗಳ ಸಂಘದವರಿಗೆ ಜಾಗಾ ಐತಿ. ನಮ್ಮ ಓಣ್ಯಾಗ ಹತ್ತು ಮನಿಗೆ ಹೋಗಿ ಕೇಳಿದೆ, ಒಬ್ಬರಿಗೂ ಇದು ಗೊತ್ತಿರಲಿಲ್ಲ. ನನಗೂ ಹೋದ ವರ್ಷದ ತನಕ ಗೊತ್ತಿರಲಿಲ್ಲ.

ಸಭೆ ಆದಮ್ಯಾಲೆ ನಾ ಒಂದು ಕೆಲಸ ಮಾಡಿದೆ. ಒಂದು ವಾರ ಹೊತ್ತೊತ್ತಿಗೆ ಹೋಗಿ ಆ ಜಾಗಾದಾಗ ಕುಂತು ಯಾರ್ಯಾರು ಬರ್ತಾರ ಅಂತ ನೋಟ್‌ಬುಕ್ಕಿನಾಗ ಬರದೆ. ಮುಂಜಾನೆ ಆರಕ್ಕ ರಿಟೈರ್ ಆದ ಕಾಕಾಗೋಳು ತಿರಗ್ಯಾಡಾಕ ಬರ್ತಾರ, ಅವ್ರು ಸಭೆಕ್ಕೂ ಬಂದಿದ್ರು. ಒಂಬತ್ತು ಹತ್ತರ ಹೊತ್ತಿಗೆ ಹೆಣ್ಣಮಕ್ಕಳು ಹೊರಸು ಹಾಕಿ ಶ್ಯಾವಿಗಿ, ಸಂಡಿಗಿ ಒಣಗಸ್ತಾರ, ಯಾಕಂದ್ರ ಸಣ್ಣ ಮನಿಗೆ ಮಾಳಿಗಿ ಮ್ಯಾಲೆ ಜಾಗಾ ಇರಂಗಿಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಬೇವಿನ ಗಿಡದ ಕೆಳಗ ಗೌಂಡಿ ಕೆಲಸದವರು ರೊಟ್ಟಿ ಗಂಟು ಬಿಚ್ಚತಾರ, ಆಟೋದವರು ಒಂದು ಕಣ್ಣು ಹಚ್ಚತಾರ. ಐದಕ್ಕ ಹುಡುಗರ ಕ್ರಿಕೆಟ್. ಏಳರಮ್ಯಾಲೆ ಬಿಸಿ ಆರಿದ ಮ್ಯಾಲೆ ಆಯಿಗೋಳು, ಸೊಸೆಂದ್ರು ಬಂದು ನೆಲದ ಮ್ಯಾಲೇ ಕೂಡ್ತಾರ. ಈಗ ಹೇಳ್ರಿ, ಸಭೆ ಇಟ್ಟಿದ್ದು ಬುಧವಾರ ಮುಂಜಾನೆ ಹನ್ನೊಂದಕ್ಕ. ಗೌಂಡಿಗೋಳು ಕೆಲಸಕ್ಕ, ಹುಡುಗರು ಟ್ಯೂಷನ್ನಿಗೆ, ಹೆಣ್ಣಮಕ್ಕಳು ಅಡಿಗಿಮನ್ಯಾಗ. ಆ ಜಾಗಾ ದಿನಾ ಬಳಸೋ ಅರ್ಧಕ್ಕಿಂತ ಹೆಚ್ಚು ಮಂದಿ ಅಲ್ಲಿ ಇರಲೇ ಇಲ್ಲ. ಕಾರಂಜಿ ಬೇಕಂತ ನನ್ನ ನೋಟ್‌ಬುಕ್ಕಿನಾಗ ಯಾರೂ ಹೇಳಿಲ್ಲ. ಕುಡಿಯೋ ನೀರಿನ ನಳ ಬೇಕು ಅಂದವರು ಹದಿನಾಲ್ಕು ಮಂದಿ.

ಜಾಗಾ ಎಷ್ಟೈತಿ ಅನ್ನೋದೂ ಲೆಕ್ಕ ಹಾಕಿದೆ. ನಮ್ಮ ಲೇಔಟ್ ನಕ್ಷೆ ಪ್ರಕಾರ 22 ಗುಂಟೆ. ಒಂದು ಗುಂಟೆ ಅಂದ್ರ ಸುಮಾರು 101 ಚದರ ಮೀಟರ್, ಒಟ್ಟು 2,200 ಚದರ ಮೀಟರ್ ಚಿಲ್ಲರೆ. 240 ಮನಿ, ಸಾವಿರ ಮಂದಿ ಹಿಡದ್ರ ತಲಿಗೆ 2 ಚದರ ಮೀಟರ್ ಬರ್ತೈತಿ, ಒಂದು ಹೊರಸು ಹಾಕೋವಷ್ಟು. ಕೇಂದ್ರ ಸರ್ಕಾರದ 2014ರ ನಗರ ಯೋಜನೆ ಮಾರ್ಗಸೂಚಿ ತಲಿಗೆ 10ರಿಂದ 12 ಚದರ ಮೀಟರ್ ಬಯಲು ಬೇಕಂತೈತಿ. ಹೊರಗಿನವರು ಬಂದು ಗೋಳಗುಮ್ಮಟದ ಹಸರು ಲಾನ್, ಬಾರಾಕಮಾನ್ ಅಂಗಳ, ಇಬ್ರಾಹಿಂ ರೋಜಾ ನೋಡಿ ನಿಮ್ಮೂರಾಗ ಭಾಳ ಗಾರ್ಡನ್ ಅದಾವಲ್ರಿ ಅಂತಾರ. ಖರೇ, ಅವು ನಮ್ಮ ಹೆಮ್ಮೆ, ಆದ್ರ ಅವು ಪುರಾತತ್ವ ಇಲಾಖೆ ಕಾಯೋ ಸ್ಮಾರಕಗಳು, ಗುಮ್ಮಟಕ್ಕೂ ರೋಜಾಕ್ಕೂ ಟಿಕೆಟ್ ಐತಿ, ಅಲ್ಲಿ ಹುಡುಗರು ಸ್ಟಂಪ್ ನಡಾಕ ಆಗಂಗಿಲ್ಲ, ಶ್ಯಾವಿಗಿ ಒಣಗಸಾಕ ಆಗಂಗಿಲ್ಲ. ದಿನಾ ಬದುಕಾಕ ಬೇಕಾದ ಬಯಲು ಅಂದ್ರ ಓಣಿ ಪಕ್ಕದ ಈ 22 ಗುಂಟೆನ.

ಮತ್ತ ಆ 22 ಗುಂಟೆ ಮ್ಯಾಲೆ ಎಲ್ಲಾರ ಕಣ್ಣೂ ಬೀಳ್ತೈತಿ. ನೀರಿನ ಟ್ಯಾಂಕ್ ಬೇಕಾ, ಗಾರ್ಡನ್ ಜಾಗಾ ಐತಲ್ಲ. ಅಂಗನವಾಡಿ ಬೇಕಾ, ಗಾರ್ಡನ್ ಜಾಗಾ. ಸಮುದಾಯ ಭವನ, ಗುಡಿ, ಟ್ರಾನ್ಸ್‌ಫಾರ್ಮರ್, ಎಲ್ಲಾದಕ್ಕೂ ಅದ. ಎಲ್ಲಾನೂ ಬೇಕಾದದ್ದ, ನಾ ಯಾವುದಕ್ಕೂ ವಿರೋಧ ಇಲ್ಲ, ದಿನಾ ಗುಡಿಗೆ ಹೋಗೋ ಮನುಷ್ಯಾ ನಾ. ಆದ್ರ ಭೂಮಿ ಖರೀದಿ ಮಾಡೋ ರೊಕ್ಕ ಉಳಿಸಾಕ ಹುಡುಗರ ಮೈದಾನ ತುಂಡು ತುಂಡು ಹರಿಯೋದು ತಪ್ಪು. 1985ರಾಗ ನಮ್ಮ ರಾಜ್ಯದಾಗ ಇದಕ್ಕಂತನ ಒಂದು ಕಾಯ್ದೆ ಬಂದೈತಿ, ಉದ್ಯಾನ, ಆಟದ ಮೈದಾನ ಮತ್ತ ಬಯಲು ಜಾಗಾ ಸಂರಕ್ಷಣಾ ಕಾಯ್ದೆ. ಊರಿನ ಇಂಥಾ ಜಾಗಾಗಳ ಪಟ್ಟಿ ನಕ್ಷೆ ಸಮೇತ ಮಾಡಬೇಕು, ಅವನ್ನ ಬ್ಯಾರೆ ಕೆಲಸಕ್ಕ ಬಳಸಬಾರದು ಅನ್ನೋದು ಅದರ ತಿರುಳು. ಸಮಿತಿ ಆತಂದ್ರ ಅದರ ಮೊದಲನೇ ಕೆಲಸ ಆ ಪಟ್ಟಿ ಕೈಯಾಗ ಹಿಡಕೊಂಡು ಜಾಗಾಕ್ಕ ಹೋಗಿ ನೋಡೋದು. ಎಲ್ಲೈತಿ, ಎಷ್ಟೈತಿ, ಎಷ್ಟು ಒತ್ತುವರಿ ಆಗೇತಿ. ಈ ಕೆಲಸಕ್ಕ ಎಂಜಿನಿಯರ್ ಬೇಕಾಗಿಲ್ಲ, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು ಸಾಕು, ಬೇಲಿ ಯಾವಾಗ ಎಷ್ಟು ಸರೀತು ಅಂತ ಅವ್ರಿಗಿಂತ ಯಾರಿಗೆ ಗೊತ್ತಿರ್ತೈತಿ?

ಓಣಿ ಮಂದಿ ಕೇಳಿದ್ರ ಏನಾಗ್ತೈತಿ ಅನ್ನೋರಿಗೆ ಬೆಂಗಳೂರಿನ ಒಂದು ಕೇಸ್ ಹೇಳ್ತೀನಿ. ರಾಜಮಹಲ್ ವಿಲಾಸ್ ಬಡಾವಣ್ಯಾಗ ಪಾರ್ಕಿಗೆ ಅಂತ ಬಿಟ್ಟ ಜಾಗಾನ ಖಾಸಗಿ ನರ್ಸಿಂಗ್ ಹೋಂ ಕಟ್ಟಾಕ ಒಂದು ಟ್ರಸ್ಟಿಗೆ ಕೊಟ್ಟಿದ್ರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದ್ರು, 1991ರಾಗ ಸುಪ್ರೀಂ ಕೋರ್ಟ್ ತನಕ ಹೋಗಿ ಗೆದ್ರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಅಂತ ಆ ಕೇಸಿನ ಹೆಸರು, ಪಾರ್ಕ್ ಅಂತ ಗುರುತಿಸಿದ ಜಾಗಾ ಕೈಬಿಟ್ಟು ಹೋಗಬಾರದಂತ ಕೇಳೋ ಹಕ್ಕು ಆ ಏರಿಯಾದ ಮಂದಿಗೆ ಐತಿ ಅಂತ ಕೋರ್ಟ್ ಒಪ್ಪಿಕೊಂತು. ಆದ್ರ ಪ್ರತಿ ಓಣಿನೂ ದಿಲ್ಲಿ ತನಕ ಹೋಗಾಕ ಆಗತೈತೇನು? ವಕೀಲರ ಫೀಸು, ವರ್ಷಗಟ್ಟಲೆ ತಾರೀಖು. ಶುರುವಿಗೇ ಒಂದು ಸಮಿತಿ ಕುಂತು ಬ್ಯಾಡ ಅಂದಿದ್ರ ಆ ತ್ರಾಸು ಇರ್ತಿರಲಿಲ್ಲ.

ಸಲಹಾ ಸಮಿತಿಗೆ ಹಲ್ಲು ಹ್ಯಾಂಗ ಕೊಡಬೇಕಂತ ನೋಡಾಕ ಅಮೆರಿಕಾದ ಕೊಲರಾಡೋ ರಾಜ್ಯದ ಬೋಲ್ಡರ್ ಅನ್ನೋ ಊರಿನ ವಿಷಯ ಓದಿದೆ. 1967ರಾಗ ಆ ಊರಿನ ಮಂದಿ ತಾವಾಗೇ ವೋಟ್ ಹಾಕಿ ಬಯಲು ಜಾಗಾ ಖರೀದಿ ಮಾಡಾಕ ತಮ್ಮ ಮ್ಯಾಲೆ ಒಂದು ಸಣ್ಣ ಮಾರಾಟ ತೆರಿಗೆ ಹಾಕ್ಕೊಂಡ್ರು. 1973ರಾಗ ಊರಿನವರದ ಐದು ಮಂದಿ ಒಂದು ಮಂಡಳಿ ಆತು. ಈಗ ಅಲ್ಲಿನ ನಿಯಮ ಹ್ಯಾಂಗೈತಿ ಅಂದ್ರ, ಆ ಜಾಗಾದಾಗ ಒಂದು ತುಂಡು ಮಾರೋದಿತ್ತಂದ್ರೂ ನಗರಸಭೆ ಒಪ್ಪಿದ್ರ ಸಾಲದು, ಆ ಐದರಾಗ ಕನಿಷ್ಠ ಮೂರು ಮಂದಿ ಹೂಂ ಅನ್ನಬೇಕು, ಆಮ್ಯಾಲೆನೂ 60 ದಿನ ಕಾಯಬೇಕು, ಆ ಅವಧ್ಯಾಗ ಊರಿನ ಮಂದಿ ಸಹಿ ಸಂಗ್ರಹಿಸಿ ಇದನ್ನ ವೋಟಿಗೆ ಹಾಕ್ರಿ ಅಂತ ಕೇಳಬಹುದು. ನನಗ ಹಿಡಿಸಿದ್ದು ಆ ಅರವತ್ತು ದಿನ. ಅಷ್ಟು ದೂರ ಯಾಕ, ನಮ್ಮ ಅರ್ಧಾ ಊರಿನ ಹುಡುಗರು ದುಡಿಯಾಕ ಹೋಗೋ ಪುಣೆದಾಗ 2006ರಿಂದ ಮಂದಿ ತಮ್ಮ ಏರಿಯಾದ ಸಣ್ಣಪುಟ್ಟ ಕೆಲಸ ತಾವ ಸೂಚಿಸಿ ಪಾಲಿಕೆ ಬಜೆಟ್ಟಿನಾಗ ಸೇರಿಸೋ ಪದ್ಧತಿ ಐತಿ.

ಒಂದು ಭಯ ನನಗೂ ಐತಿ, ಮುಚ್ಚಿಡಂಗಿಲ್ಲ. ಸಮಿತಿ ಅಂದಕೂಡ್ಲೆ ಟೈಮ್ ಇರೋರು, ಸ್ವಂತ ಮನಿ ಇರೋರು, ಮಾತು ಬಲ್ಲವರು ಹೋಗಿ ಕೂಡ್ತಾರ. ಅವ್ರ ಮೊದಲನೇ ಠರಾವು ಗೇಟಿಗೆ ಕೀಲಿ ಹಾಕೋದು, ಎರಡನೇದು ಪಕ್ಕದ ಓಣಿ ಹುಡುಗರು ಬರಬಾರದು ಅನ್ನೋದು. ನಮ್ಮಲ್ಲಿ ಈಗಾಗ್ಲೇ ಆ ಮಾತು ಎದ್ದೈತಿ. ಅದಕ್ಕ ನಾ ಹೇಳೋದು, ಬಾಡಿಗಿ ಮನ್ಯಾಗ ಇರೋರು ಸಮಿತ್ಯಾಗ ಇರಬೇಕು, ಹದಿನಾರು ಹದಿನೇಳರ ಹುಡುಗ ಒಬ್ಬ ಹುಡುಗಿ ಒಬ್ಬಾಕಿ ಇರಬೇಕು, ಗಿಡದ ಕೆಳಗ ಉಣ್ಣೋರ ಪೈಕಿ ಒಬ್ರು ಇರಬೇಕು. ಸಭೆ ಕಚೇರ್ಯಾಗ ಬ್ಯಾಡ, ಸಂಜೀ ಏಳಕ್ಕ ಅದ ಜಾಗಾದಾಗ ಆಗಲಿ. ಮಂದಿ ಹೇಳಿದ್ದು ಪ್ರತಿಯೊಂದೂ ಬರಕೊಂಡು, ಯಾವುದು ತಗೊಂಡ್ವಿ ಯಾವುದು ಬಿಟ್ವಿ ಯಾಕ ಬಿಟ್ವಿ ಅಂತ ಕನ್ನಡದಾಗ ಬರದು ಗ್ವಾಡಿಗೆ ಹಚ್ಚಲಿ. ಮಾಸ್ಟರ್ ಪ್ಲಾನಿಗೂ ಹಂಗ. ರಾಜ್ಯದ 1961ರ ನಗರ ಯೋಜನೆ ಕಾಯ್ದೆ ಪ್ರಕಾರ ಮಂದಿಯಿಂದ ಸಲಹೆ ಆಕ್ಷೇಪಣೆ ಕರೀಬೇಕು, ಕರೀತಾರ, ಆದ್ರ ಸರ್ವೆ ನಂಬರ್ ತುಂಬಿದ ಬಣ್ಣದ ಹಾಳಿ ನೋಡಿ ನಮ್ಮ ಆಯಿಗೆ ತನ್ನ ಬೇವಿನ ಗಿಡ ಎಲ್ಲೈತಂತ ಹ್ಯಾಂಗ ತಿಳೀಬೇಕು? ಅದನ್ನ ಓದಿ ಹೇಳೋ ಒಬ್ಬ ಮನುಷ್ಯಾನ್ನ ವಾರ್ಡಿಗೆ ಕಳಸ್ರಿ.

ಅಧಿಕಾರಿಗಳ ಮ್ಯಾಲೆ ನನಗ ದ್ವೇಷ ಇಲ್ಲ. ಅವತ್ತು ಬಂದವರೂ ಮ್ಯಾಲಿನವರು ಕೊಟ್ಟ ಡ್ರಾಯಿಂಗ್ ಹಿಡಕೊಂಡು ಬಂದವರು, ಅವ್ರ ಕೈಯಾಗ ಬದಲ ಮಾಡೋ ಅಧಿಕಾರ ಇರಲಿಲ್ಲ. ಆದ್ರ ಅದ ಮಾತು ಮೊದಲ ಕೇಳಿದ್ರ ಅವ್ರಿಗೂ ಕೆಲಸ ಹಗರ ಆಗ್ತಿತ್ತು.

ನಾವು ಶುರು ಮಾಡೀವಿ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ನಮ್ಮ ವಾರ್ಡಿನ ಗಾರ್ಡನ್ ಜಾಗಾಗಳ ಪಟ್ಟಿ, ನಕ್ಷೆ ಕೇಳೀವಿ, 30 ದಿನದಾಗ ಉತ್ತರ ಕೊಡಬೇಕು, ಇವತ್ತಿಗೆ 19 ದಿನ ಆಗೇತಿ. ಅಲ್ಲಿ ತನಕ ಸುಮ್ನ ಕೂಡಂಗಿಲ್ಲ, ಬರೋ ರವಿವಾರ ಸಂಜೀ ಆರೂವರಿಗೆ ಬೇವಿನ ಗಿಡದ ಕೆಳಗ ಸೇರಿ ಜಾಗಾ ನಾವ ಅಳೀತೀವಿ. ಯಾರ ಮನ್ಯಾಗರ ಹಳೇ ಲೇಔಟ್ ನಕ್ಷೆ, ಖರೀದಿ ಪತ್ರದ ಜೋಡಿ ಬಂದ ಸ್ಕೆಚ್ ಇದ್ರ ತಗೊಂಡು ಬರ್ರಿ, ಝೆರಾಕ್ಸ್ ಇದ್ರೂ ನಡೀತೈತಿ. ಐವತ್ತು ಮೀಟರ್ ಟೇಪ್ ನಾ ತರ್ತೀನಿ. ಆಯಿ ಬರ್ತೀನಿ ಅಂದಾರ, ಅವ್ರಿಗೊಂದು ಕುರ್ಚಿ ಯಾರಾದ್ರೂ ಹತ್ತಿರದ ಮನಿಯವರು ತರ್ರಿ.