ನೋಟರಿ ಮುದ್ರೆ ಎಂದರೆ ನೋಂದಣಿಯಲ್ಲ ಮಾರಾಯರೇ

ನಿನ್ನೆ ಸಿರ್ಸಿಯಲ್ಲಿ ಪರಿಚಯದ ಇಬ್ಬರು ಹುಡುಗರು ಆರಂಭಿಸಿದ ಮುರುಗಲು ಶರಬತ್ತು ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಘಟಕದ ಪೂಜೆಗೆ ಹೋಗಿದ್ದೆ. ಶರಬತ್ತು ಬಹಳ ಚೆನ್ನಾಗಿತ್ತು. ಆದರೆ ಮಾರಿಕಾಂಬೆಯ ಪಟದ ಪಕ್ಕದಲ್ಲಿ ಚೌಕಟ್ಟು ಹಾಕಿಸಿ ತೂಗಿಬಿಟ್ಟಿದ್ದ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಜಿಎಸ್‌ಟಿ ಮತ್ತು ಆಹಾರ ಸುರಕ್ಷತೆಯ ಪ್ರಮಾಣಪತ್ರಗಳನ್ನು ತೋರಿಸಿ, ‘ಅಣ್ಣಾ, ಎಲ್ಲ ಕಾನೂನುಬದ್ಧ’ ಎಂದು ಅವರು ಹೇಳಿದಾಗ, ಇಂಥದೇ ಪಾಲುದಾರಿಕೆಯಲ್ಲಿ ಒಮ್ಮೆ ಕೈ ಸುಟ್ಟುಕೊಂಡ ನನಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ. ಪಾಲುದಾರಿಕೆ ಸಂಸ್ಥೆಯ ನೋಂದಣಿ ಎಲ್ಲಿ ಎಂದು ಕೇಳಿಯೇಬಿಟ್ಟೆ.

ಕಪಾಟಿನಿಂದ ಛಾಪಾ ಕಾಗದದ ಪಾಲುದಾರಿಕೆ ಪತ್ರವೊಂದು ಹೊರಬಂತು. ನೋಟರಿಯ ದುಂಡು ಮುದ್ರೆ ಢಾಳಾಗಿ ಇದೆ. ವ್ಯವಹಾರದ ಉದ್ದೇಶ ಎಂಬಲ್ಲಿ ಮಾತ್ರ ‘ದ್ವಿಚಕ್ರ ವಾಹನಗಳ ಬಿಡಿಭಾಗಗಳ ಮಾರಾಟ’ ಎಂದಿದೆ! ಯಾರದೋ ಹಳೆಯ ಪತ್ರದಲ್ಲಿ ಹೆಸರುಗಳನ್ನಷ್ಟೇ ಬದಲಿಸಿ ಅಚ್ಚು ಹಾಕಿದ್ದಾರೆ. ಲಾಭದ ಹಂಚಿಕೆಯ ಬಗ್ಗೆ ಒಂದು ಸಾಲೂ ಇಲ್ಲ. ಒಬ್ಬನದು ನಾಲ್ಕು ಲಕ್ಷ ಬಂಡವಾಳ, ಇನ್ನೊಬ್ಬನದು ದುಡಿಮೆ. ಪತ್ರ ಮೌನವಾಗಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 13ನೆಯ ಕಲಂ ಮಾತನಾಡುತ್ತದೆ: ಲಾಭವೂ ಸಮಪಾಲು, ನಷ್ಟವೂ ಸಮಪಾಲು. ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ಇದನ್ನೆಲ್ಲ ಮಾಡಿಸಿಕೊಟ್ಟ ಏಜೆಂಟ್ ಮಹಾಶಯರು ಉದ್ಯಮ್ ಪತ್ರವೊಂದಕ್ಕೇ 3,000 ರೂಪಾಯಿ ಪಡೆದಿದ್ದಾರಂತೆ. ಆಧಾರ್ ಆಧಾರಿತ ಸ್ವಯಂಘೋಷಣೆಯ ಮೇಲೆ 2020ರ ಜುಲೈ 1ರಿಂದ ನಡೆಯುತ್ತಿರುವ ಆ ನೋಂದಣಿ ಪೂರ್ತಿ ಉಚಿತ; ಜಿಎಸ್‌ಟಿ ನೋಂದಣಿಗೂ ಶುಲ್ಕವಿಲ್ಲ. ಉಚಿತವಾದುದಕ್ಕೆ ಹಣ ಪಡೆದರು, ಬೇಕಾದುದನ್ನು ಬಿಟ್ಟರು.

‘ನೋಟರಿ ಆಗಿದೆಯಲ್ಲ’ ಎನ್ನುತ್ತಾರೆ ಹುಡುಗರು. ನೋಟರಿಯ ಮುದ್ರೆ ಸಹಿಯನ್ನು ದೃಢೀಕರಿಸುತ್ತದೆಯೇ ಹೊರತು ಸಂಸ್ಥೆಯನ್ನು ಸರ್ಕಾರದ ಪುಸ್ತಕಕ್ಕೆ ಸೇರಿಸುವುದಿಲ್ಲ. ಅದಕ್ಕೆ 58ನೆಯ ಕಲಮಿನಂತೆ ಸಂಸ್ಥೆಯ ಹೆಸರು, ಸ್ಥಳ, ಪ್ರತಿಯೊಬ್ಬರೂ ಪಾಲುದಾರರಾದ ದಿನಾಂಕಗಳನ್ನು ನಮೂದಿಸಿ, ಎಲ್ಲ ಪಾಲುದಾರರೂ ಸಹಿ ಹಾಕಿ, ಸಂಸ್ಥೆಗಳ ನೋಂದಣಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ಇದು ಕಡ್ಡಾಯವಲ್ಲ ಎಂದು ಏಜೆಂಟರು ಹೇಳಿದ್ದು ಸುಳ್ಳಲ್ಲ. ಹಾಗೆಯೇ ಮಳೆಗಾಲದಲ್ಲಿ ಕೊಡೆಯೂ ಕಡ್ಡಾಯವಲ್ಲ. ನೋಂದಣಿಯಾಗದ ಸಂಸ್ಥೆ, ಒಪ್ಪಂದದಂತೆ ತನಗೆ ಬರಬೇಕಾದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ ಎನ್ನುತ್ತದೆ 69ನೆಯ ಕಲಂ; ಹೊರಗಿನವರು ಮಾತ್ರ ಅದರ ಮೇಲೆ ಧಾರಾಳವಾಗಿ ಹೂಡಬಹುದು. 100 ರೂಪಾಯಿ ಮೀರದ ಕೆಲವು ದಾವೆಗಳಿಗೆ ವಿನಾಯಿತಿ ಇದೆ. ಒಂದು ಬಾಟಲಿ ಶರಬತ್ತಿನ ಬಾಕಿಯನ್ನು ವಸೂಲು ಮಾಡಬಹುದೇನೋ!

ನನ್ನ ಕಥೆ ನಿಮ್ಮಲ್ಲಿ ಹಲವರಿಗೆ ಅರ್ಧ ಗೊತ್ತು, ಇನ್ನರ್ಧವನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದೆ. ಗೆಳೆಯನೊಂದಿಗೆ ಅಡಿಕೆ ಹಾಳೆಯ ತಟ್ಟೆ ಮಾಡುತ್ತಿದ್ದಾಗ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು 1,80,000 ರೂಪಾಯಿ ಬಾಕಿ ಉಳಿಸಿದರು. ವಕೀಲರು ಮೊದಲು ಕೇಳಿದ್ದು ಸಂಸ್ಥೆಯ ನೋಂದಣಿಯನ್ನು. ಆಗಲೂ ನೋಂದಾಯಿಸಿ ದಾವೆ ಹೂಡಬಹುದಿತ್ತು, ಆದರೆ ಅಷ್ಟರಲ್ಲಿ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಅವನು ಸಹಿ ಹಾಕಲಿಲ್ಲ, ನಾನು ಹೋಗಿ ಕೇಳಲಿಲ್ಲ. ಕಾಲಮಿತಿ ಕಾಯ್ದೆ ಕೊಟ್ಟ ಮೂರು ವರ್ಷ ನಮ್ಮಿಬ್ಬರ ಹಟದಲ್ಲೇ ಕಳೆದುಹೋಯಿತು. ಹಣಕ್ಕಿಂತ ಅದೇ ಹೆಚ್ಚು ಉರಿಯುತ್ತದೆ.

ನಮ್ಮೂರಿನ ವ್ಯವಹಾರವೆಲ್ಲ ನಂಬಿಕೆಯ ಮೇಲೆ ನಡೆದುಬಂದದ್ದು ಎಂದು ಪೂಜೆಗೆ ಬಂದಿದ್ದ ಹಿರಿಯರೊಬ್ಬರು ನನ್ನನ್ನು ತಿದ್ದಲು ಬಂದರು. ಇದೇ ಸಿರ್ಸಿಯ ಅಡಿಕೆ ಬೆಳೆಗಾರರು 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಕಟ್ಟಿದಾಗ ಅವರಲ್ಲಿ ಪರಸ್ಪರ ನಂಬಿಕೆ ಇರಲಿಲ್ಲವೇ? ಇತ್ತು, ಆದರೂ ಅದನ್ನು ಸಹಕಾರಿ ಸಂಘವೆಂದು ನೋಂದಾಯಿಸಿದರು. ಇನ್ನೊಬ್ಬರು, ಇದೆಲ್ಲ ಏಕೆ, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಮಾಡಿಬಿಡಿ ಎಂದರು. ಮಾಡಬಹುದು, 2008ರ ಕಾಯ್ದೆಯಂತೆ ಹೊಣೆಗಾರಿಕೆ ಸೀಮಿತವಾಗುತ್ತದೆ, ಆದರೆ ವ್ಯಾಪಾರ ನಡೆಯದ ವರ್ಷವೂ ವಾರ್ಷಿಕ ವಿವರ ಸಲ್ಲಿಸಬೇಕು. ಬೈಕಿನ ಬಿಡಿಭಾಗವನ್ನು ಅಳಿಸಲು ಮರೆತವರಿಗೆ ಅಷ್ಟು ಶಿಸ್ತು ಸದ್ಯಕ್ಕೆ ಬೇಡ.

ಹೊಸ ಪತ್ರ ಬರೆಯಲು ಹುಡುಗರು ಒಪ್ಪಿದ್ದಾರೆ. ಸಹಿಯಾದ ಮೇಲೆ ಇಬ್ಬರನ್ನೂ ನನ್ನ ಕಾರಿನಲ್ಲಿ ಕೂರಿಸಿಕೊಂಡು ದೇವಿಮನೆ ಘಟ್ಟ ಇಳಿದು ನೋಂದಣಿಗಾಗಿ ಕಾರವಾರಕ್ಕೆ ನಾನೇ ಕರೆದೊಯ್ಯುತ್ತೇನೆ. ಏಜೆಂಟರು ಬೆಳಗ್ಗೆ ಫೋನ್ ಮಾಡಿ, ‘ನಿಮಗೇಕೆ ಸರ್ ಈ ಉಸಾಬರಿ’ ಎಂದು ವಿಚಾರಿಸಿದರು. ನನ್ನ ಬೈಕಿಗೆ ಒಂದು ಕ್ಲಚ್ ಪ್ಲೇಟ್ ಬೇಕಿತ್ತು, ಹುಡುಗರ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. ಫೋನ್ ಕಟ್ ಆಯಿತು.